ಫ್ಯೂರಿ–ಉಸಿಕ್ ಎರಡನೇ ಫೈಟ್: ಈ ಸಲ ಯಾರ ಗೆಲ್ತಾರ? ಕಾರಣ ಸಮೇತ ಹೇಳ್ರಿ

ಶಾಪೂರ_ಸಂಜು · 18 ಡಿಸೆಂಬರ್ 2024, ರಾತ್ರಿ

ನಮಸ್ಕಾರ್ರೀ ಎಲ್ಲಾರಿಗೂ. ಶನಿವಾರ ರಾತ್ರಿ ರಿಯಾದ್‌ನ್ಯಾಗ ಹೆವಿವೇಟ್ ಬಾಕ್ಸರ್ ಟೈಸನ್ ಫ್ಯೂರಿ ಮತ್ತ ಒಲೆಕ್ಸಾಂಡರ್ ಉಸಿಕ್ ರೀಮ್ಯಾಚ್, ಅಂದ್ರ ಇಬ್ಬರ ನಡಕ ಎರಡನೇ ಫೈಟ್ ಐತಿ, ನಮ್ಮ ಟೈಮಿಗೆ ಅಂದ್ರ ಭಾನುವಾರ ನಸುಕಿನ್ಯಾಗ ಮೂರೂವರಿ ಸುಮಾರಿಗೆ ಮೇನ್ ಫೈಟ್ ಬರತೈತಿ. ನಾವು ಓಣ್ಯಾಗಿನ ಹುಡುಗ್ರು ಕೂಡಿ ನೋಡೋದಂತ ಠರಾವ್ ಆಗೈತಿ, ಅರ್ಧ ಕಿಲೋ ಕುಂದಾ ಪೈಜ್ ಕಟ್ಟೇವಿ. ತಕರಾರ ಏನಂದ್ರ ಎಲ್ಲಾರೂ ಫ್ಯೂರಿ ಫ್ಯೂರಿ ಅನ್ನಾಕತ್ತಾರ, ಯಾಕಂದ್ರ ಅಂವ ಆರಡಿ ಒಂಬತ್ತಿಂಚು, ಉಸಿಕ್ ಆರಡಿ ಮೂರಿಂಚು, ಕೈ ಉದ್ದ ನೋಡಿದ್ರೂ 85 ಇಂಚಿಗೆ 78 ಇಂಚು. ಹಿಂಗಾಗಿ ನಾ ಒಬ್ಬನ ಉಸಿಕ್ ಕಡಿ ನಿಂತೇನಿ, ಯಾರಾರ ಒಬ್ಬರು ಎದುರ ನಿಲ್ಲಬೇಕಲ್ಲ ಅಂತ, ಬ್ಯಾರೆ ಏನೂ ದೊಡ್ಡ ಜ್ಞಾನ ಇಲ್ಲ.

ಮೇ ತಿಂಗಳದಾಗ ಉಸಿಕ್ ಗೆದ್ದಿದ್ದ ಮೊದಲನೇ ಫೈಟ್ ನಾ ಹೈಲೈಟ್ಸ್ ಅಷ್ಟ ನೋಡೇನಿ. ಅದರಾಗ ಒಂಬತ್ತನೇ ರೌಂಡಿಗೆ ಫ್ಯೂರಿ ಹಗ್ಗದ ಮ್ಯಾಲೆ ಆ ಕಡಿ ಈ ಕಡಿ ತೂರಾಡಿದ್ದು ನೋಡಿದ್ರ ಉಸಿಕ್ ಆರಾಮ ಗೆದ್ದಾನ ಅನಸ್ತೈತಿ, ಆದ್ರ ಸ್ಕೋರ್ ನೋಡಿದ್ರ ಒಬ್ಬ ಜಡ್ಜ್ ಫ್ಯೂರಿಗೇ ಕೊಟ್ಟಾನ! ಇದ ಹೆಂಗ್ರಿ? ಮತ್ತ ರೀಮ್ಯಾಚ್ ಯಾರ ಗೆಲ್ತಾರ ಅಂತ ಹೇಳಬೇಕಂದ್ರ ಏನ ನೋಡಬೇಕು, ಮೊದಲನೇ ಫೈಟ್ ನೋಡಬೇಕೋ, ವಯಸ್ಸೋ, ತೂಕಾನೋ? ಸುಮ್ನ "ಫ್ಯೂರಿ ಬಾಪ್" ಅಂತ ಬರಿಯವ್ರು ದಯವಿಟ್ಟು ಬ್ಯಾಡ, ಅಂಥಾವ್ರು ನಮ್ಮ ವಾಟ್ಸಾಪ್ ಗ್ರೂಪ್‌ನ್ಯಾಗ ಬೇಕಾದಷ್ಟ ಅದಾರ.

ಕ್ಯಾಂಪ್_ಹವಾಲ್ದಾರ · 18 ಡಿಸೆಂಬರ್, ರಾತ್ರಿ

ಸಂಜು, ಹೈಲೈಟ್ಸ್ ನೋಡಿ ಬಾಕ್ಸಿಂಗ್ ಮಾತಾಡಬ್ಯಾಡೋ ತಮ್ಮಾ. ನಾ ಸರ್ವೀಸ್‌ನ್ಯಾಗ ಇದ್ದಾಗ ಯುನಿಟ್ ಟೀಮಿಗೆ ಆಡಿದಂವ, ದೊಡ್ಡ ಆಟಗಾರ ಏನಲ್ಲ, ಆದ್ರ ಮೂಗಿಗೆ ಬಿದ್ದಾಗ ಕಣ್ಣಾಗ ನೀರ ಹೆಂಗ ಬರ್ತಾವ ಅನ್ನೋದ ಗೊತ್ತೈತಿ.

ಮೊದಲ ಸ್ಕೋರ್ ಲೆಕ್ಕ ತಿಳಕೋ. ಇಲ್ಲಿ ಹನ್ನೆರಡೂ ರೌಂಡಿಗೆ ಬ್ಯಾರೆ ಬ್ಯಾರೆ ಮಾರ್ಕ್. ರೌಂಡ್ ಗೆದ್ದಂವಗ 10, ಸೋತಂವಗ 9. ಕೂದಲೆಳಿಯಷ್ಟ ಅಂತರದಾಗ ಗೆದ್ರೂ 10-9, ಮೂರೂ ಮಿನಿಟ ಮುಖಕ್ಕ ಇಕ್ಕಿದ್ರೂ ಹೆಚ್ಚಾಗಿ 10-9. ಕೆಳಗ ಬಿದ್ರ ಅಥವಾ ರೆಫ್ರಿ ಎಣಿಸಿದ್ರ ಇನ್ನೊಂದ ಕಟ್ ಆಗಿ 10-8. ಹಿಂಗಾಗಿ ನಿನ್ನ ಹೈಲೈಟ್ಸ್‌ನ್ಯಾಗ ಭಾರೀ ಕಾಣೋ ಒಂಬತ್ತನೇ ರೌಂಡಿಗೂ, ಯಾರ ಗಮನಕ್ಕೂ ಬರದ ಮೂರನೇ ರೌಂಡಿಗೂ ಇರೋ ಫರಕ್ ಒಂದ ಪಾಯಿಂಟ್ ಅಷ್ಟ.

ಈಗ ಮೇ 18ರ ಸ್ಕೋರ್ ಕಾರ್ಡ್ ತಗೋ. ಒಬ್ಬ ಜಡ್ಜ್ 115-112 ಉಸಿಕ್‌ಗೆ, ಒಬ್ಬ 114-113 ಉಸಿಕ್‌ಗೆ, ಇನ್ನೊಬ್ಬ 114-113 ಫ್ಯೂರಿಗೆ. ಆ ಒಂಬತ್ತನೇ ರೌಂಡಿನ್ಯಾಗ ರೆಫ್ರಿ ಫ್ಯೂರಿಗೆ ಎಣಿಸಿದ್ದ, ಆ ಎಣಿಕಿ ತಗದ ಬಿಡು, ಅದು ಸಾದಾ 10-9 ಅಂತ ಇಟ್ಕೋ. ಆವಾಗ ಮೊದಲನೇ ಕಾರ್ಡ್ 115-113 ಉಸಿಕ್, ಎರಡನೇದು 114-114, ಮೂರನೇದು 115-113 ಫ್ಯೂರಿ. ಒಬ್ಬ ಇವಗ, ಒಬ್ಬ ಅವಗ, ಒಬ್ಬ ಸಮ ಸಮ, ಅಂದ್ರ ಡ್ರಾ! ಲೆನಾಕ್ಸ್ ಲೂಯಿಸ್ ಆದಮ್ಯಾಲೆ ಹೆವಿವೇಟ್‌ನ್ಯಾಗ ಎಲ್ಲಾ ದೊಡ್ಡ ಬೆಲ್ಟ್ ಇರೋ ಮೊದಲನೇ ಏಕೈಕ ಚಾಂಪಿಯನ್ ಯಾರು ಅನ್ನೋದು ರೆಫ್ರಿ ಮಾರ್ಕ್ ನೆಲ್ಸನ್ ನಡಕ ಬಂದು ಎಣಿಸಿದ್ದರ ಮ್ಯಾಲೆ ನಿಂತಿತ್ತು. ಮತ್ತ ಮಜಾ ಏನಂದ್ರ, ಎಣಿಸಿದ್ದಕ್ಕ ಫ್ಯೂರಿಗೆ ಉಸಿರ ತಗೋಳಾಕ ಟೈಮ್ ಸಿಕ್ಕು ಅಂವ ಉಳದ, ಇಲ್ಲಂದ್ರ ಉಸಿಕ್ ಅಲ್ಲೇ ಮುಗಸ್ತಿದ್ದ ಅಂತ ಒಂದ ಪಾರ್ಟಿ ಇನ್ನೂ ಜಗಳಾ ಆಡತೈತಿ. ನನ್ನ ಕೇಳಿದ್ರ ನೆಲ್ಸನ್ ಮಾಡಿದ್ದು ಕರೆಕ್ಟ್, ಹಗ್ಗ ಇರಲಿಲ್ಲಂದ್ರ ಫ್ಯೂರಿ ಕೆಳಗ ಇರ್ತಿದ್ದ, ಹಗ್ಗ ಹಿಡದ ನಿಂದ್ರಿಸಿದ್ರ ಅದೂ ನಾಕ್‌ಡೌನ್‌ನ, ರೂಲ್ ಹಂಗ ಐತಿ.

ಇನ್ನ ಎತ್ತರದ ಮಾತು. ಉಸಿಕ್ ಎಡಗೈ ಆಟಗಾರ. ಎಡಗೈಯಂವ ಬಲಗೈಯಂವ ಎದುರಬದುರ ನಿಂತ್ರ ಇಬ್ಬರ ಮುಂದಿನ ಕಾಲು ಒಂದಕ್ಕೊಂದ ತಾಕೋ ಹಂಗ ಬರ್ತಾವ, ಆವಾಗ ಯಾರ ಮುಂದಿನ ಕಾಲು ಹೊರಗಿನ ಬಾಜೂಕ ಇರತೈತೋ ಅವರ ಹಿಂದಿನ ಕೈಗೆ ದಾರಿ ಸೀದಾ ತೆರೀತೈತಿ. ಉಸಿಕ್ ಇಡೀ ಫೈಟ್ ಆ ಒಂದ ಕಾಲಿನ ಜಾಗಕ್ಕ ಬಡದಾಡ್ತಾನ. ಮೇ ತಿಂಗಳ ಫೈಟ್ ಪೂರ್ತಿ ನೋಡು, ಕೈ ನೋಡಬ್ಯಾಡ, ಕಾಲ ನೋಡು. ನಾಕರಿಂದ ಏಳನೇ ರೌಂಡ್ ತನಕ ಫ್ಯೂರಿ ಆರಾಮ ಇದ್ದ, ಯಾಕಂದ್ರ ಉಸಿಕ್ ಬಗ್ಗಿ ಒಳಗ ಬರೂ ಮುಂದ ಕೆಳಗಿಂದ ಅಪ್ಪರ್‌ಕಟ್ ಎತ್ತಿ ಹಾಕ್ತಿದ್ದ, ಒಮ್ಮೆ ಹೊಟ್ಟಿಗೆ, ಒಮ್ಮೆ ಗದ್ದಕ್ಕ, ಆರನೇ ರೌಂಡಿಗೆ ಉಸಿಕ್‌ಗೆ ಖರೇನ ತ್ರಾಸ ಆಗಿತ್ತು. ಎಂಟರಿಂದ ಉಸಿಕ್ ಮೊದಲ ಒಂದ ಹೆಜ್ಜಿ ಬಲಕ್ಕ ಸರದು ಆಮ್ಯಾಲೆ ಒಳಗ ಬರಾಕ ಸುರು ಮಾಡಿದ. ಮುಗೀತು, ಅಪ್ಪರ್‌ಕಟ್ ಗಾಳಿಗೆ, ಅವನ ಎಡಗೈ ಮೂಗಿಗೆ.

ಈ ಸಲಾನೂ ಹಂಗ ಆಗತೈತಿ ಅನ್ನೋದು ನನ್ನ ಅಂದಾಜು. ಉಸಿಕ್ ಪಾಯಿಂಟ್ಸ್ ಮ್ಯಾಲೆ, ಏಳ ರೌಂಡ್ ಇವಗ ಐದ ಅವಗ.

ಪೈಲ್ವಾನ_ಮುಧೋಳ · 19 ಡಿಸೆಂಬರ್, ಮುಂಜಾನೆ

ಹವಾಲ್ದಾರ ಸಾಹೇಬ್ರ, ನಿಮ್ಮ ಕಾಲಿನ ಲೆಕ್ಕ ಎಲ್ಲಾ ಖರೆ ಇರಬಹುದು, ಆದ್ರ ನೀವ ಹೇಳಿದ ಲೆಕ್ಕದಾಗ ಫ್ಯೂರಿ ಕಡಿ ಉತ್ತರ ಐತಲ್ರಿ. ಒಂದ ಎಣಿಕಿ ಇರಲಿಲ್ಲಂದ್ರ ಡ್ರಾ ಅಂತ ನೀವ ಹೇಳೀರಿ. ಅಂದ್ರ ಅಷ್ಟೆಲ್ಲಾ ಹುಚ್ಚಾಟ ಮಾಡಿ, ಮೂಲ್ಯಾಗ ನಿಂತು ಕೈ ಕೆಳಗ ಬಿಟ್ಟು ಅಣಕಿಸಿ, ನಾಲಿಗಿ ತಗದು, ಇಷ್ಟೆಲ್ಲಾ ಆದ ಮ್ಯಾಲೂ ಅಂವ ಸೋತದ್ದು ಒಂದ ಪಾಯಿಂಟಿಗೆ. ಈ ಸಲ ಆ ಮಂಗ್ಯಾಟ ಬಿಟ್ಟು ಮೊದಲನೇ ಗಂಟಿಯಿಂದ ಮೈ ಮ್ಯಾಲೆ ಹೋದ್ರ ಏನಾಗತೈತಿ?

ನಮ್ಮ ಕಡಿ ಜಾತ್ರಿ ಕುಸ್ತಿ ನೋಡಿದವರಿಗೆ ಗೊತ್ತಿರತೈತಿ, ನಿಕಾಲಿ ಕುಸ್ತ್ಯಾಗ ಪಾಯಿಂಟ್ ಗೀಯಿಂಟ್ ಏನಿಲ್ಲ, ಚಿತ್ ಆಗೂ ಮಟಾ ಆಟ. ಅದರಾಗ ದೊಡ್ಡ ಪೈಲ್ವಾನ ಸಣ್ಣ ಪೈಲ್ವಾನನ್ನ ಮೊದಲ ಕುತ್ತಿಗಿ ಮ್ಯಾಲೆ ಕೈ ಹಾಕಿ ಜೋತ ಬೀಳ್ತಾನ, ದಮ್ಮ ಹೀರಿ ಬಿಡ್ತಾನ, ಆಮ್ಯಾಲೆ ಪಟ್ಟು. ಫ್ಯೂರಿ 2020ರಾಗ ಅಮೆರಿಕಾದ ಬಾಕ್ಸರ್ ವೈಲ್ಡರ್‌ಗ ಮಾಡಿದ್ದು ಅದ. 2018ರ ಮೊದಲನೇ ಫೈಟಿಗೆ 256 ಪೌಂಡ್ ಸುಮಾರ ಇದ್ದಂವ ಎರಡನೇದಕ್ಕ 273 ಪೌಂಡ್ ಆಗಿ ಬಂದ, ಅಂದ್ರ ಏಳೂವರಿ ಕಿಲೋ ಜಾಸ್ತಿ. ಮಂದಿ ಎಲ್ಲಾ ನಕ್ಕರು. ಅಂವ ಸೀದಾ ಮುಂದ ನಡದು, ವೈಲ್ಡರ್ ಮ್ಯಾಲೆ ಭಾರಾ ಹಾಕಿ ಒರಗಿ, ಏಳನೇ ರೌಂಡಿಗೆ ಅವನ ಕಡಿಯವ್ರು ಸೋತೇವಿ ಅಂತ ಟವೆಲ್ ಒಗಿಯೂ ಹಂಗ ಮಾಡಿದ. ಫ್ಯೂರಿ ರೀಮ್ಯಾಚ್ ದಾಖಲಿ ತಗದ ನೋಡ್ರಿ, ಚಿಸೋರಾ ಅನ್ನೋ ಬಾಕ್ಸರ್ ಜೋಡಿ 2011ರಾಗ ಪಾಯಿಂಟ್ಸ್ ಮ್ಯಾಲೆ ಗೆದ್ದ, 2014ರಾಗ ಎದ್ದ ಬರದಂಗ ಮಾಡಿ ಗೆದ್ದ. ವೈಲ್ಡರ್ ಜೋಡಿ ಮೊದಲ ಡ್ರಾ, ಆಮ್ಯಾಲೆ ಎರಡ ಸಲ ನಾಕೌಟ್. ಎರಡನೇ ಸಲ ಈ ಮನಶ್ಯಾ ಯಾವಾಗ್ಲೂ ಬೆಟರ್.

ಫ್ಯೂರಿ, ಹತ್ತನೇ ರೌಂಡಿನೊಳಗ. ಬರದ ಇಟ್ಕೋರಿ.

ಗುಮ್ಮಟದಂವ · 19 ಡಿಸೆಂಬರ್, ಮಧ್ಯಾಹ್ನ

ವಿಜಯಪುರದಾಗ ಬಾಕ್ಸಿಂಗ್ ನೋಡೋರು ಯಾರೂ ಸಿಗಂಗಿಲ್ಲ, ಎಲ್ಲಾರಿಗೂ ಸೈಕ್ಲಿಂಗ್ ಹುಚ್ಚು, ಈ ಥ್ರೆಡ್ ನೋಡಿ ಭಾಳ ಖುಷಿ ಆತು. ಸಂಜು ಅವರು ಕೇಳಿದ್ದು ಛಲೋ ಪ್ರಶ್ನಿ ಅದ, ರೀಮ್ಯಾಚ್ ಅಂದಾಜ ಮಾಡಬೇಕಂದ್ರ ಏನ ನೋಡಬೇಕು ಅಂತ. ನಾ ಹಳೇ ಹೆವಿವೇಟ್ ಫೈಟ್ ನೋಡೂ ಚಟದಂವ, ನಂಗ ತಿಳದ ಮಟ್ಟಿಗೆ ಸೋಲಿನ ಜಾತಿ ನೋಡಬೇಕು. ಸೋಲಿನಾಗ ಎರಡ ಜಾತಿ ಅದಾವ. ಒಂದು ಮೈಮರತ ಸೋತದ್ದು, ಇನ್ನೊಂದು ಆಟದಾಗ ಸೋತದ್ದು.

ಮೈಮರತ ಸೋತಂವಗ ರೀಮ್ಯಾಚ್ ಭಾಳ ಸುಲಭ. ಲೆನಾಕ್ಸ್ ಲೂಯಿಸ್ 2001ರ ಏಪ್ರಿಲ್‌ದಾಗ ಹಸೀಮ್ ರಹಮಾನ್ ಕಡಿಂದ ಐದನೇ ರೌಂಡಿಗೆ ಮಲಗಿದ. ಫೈಟ್ ಇದ್ದದ್ದು ದಕ್ಷಿಣ ಆಫ್ರಿಕಾದ ಎತ್ತರದ ಊರಾಗ, ಗಾಳಿ ತೆಳು, ಎದುರಾಳಿ ಮುಂಚಿತಾನ ಹೋಗಿ ಕುಂತಿದ್ದ, ಈ ಪುಣ್ಯಾತ್ಮ ಹಾಲಿವುಡ್ ಶೂಟಿಂಗ್ ಮುಗಿಸಿಕೊಂಡು ಕಡೀಕ ಹೋಗಿ ಇಳದ. ಅದ ವರ್ಷ ನವೆಂಬರ್‌ದಾಗ ರೀಮ್ಯಾಚ್ ಆತು, ನಾಕನೇ ರೌಂಡಿಗೆ ಒಂದ ಬಲಗೈ, ರಹಮಾನ್ ಚಿತ್. ಆಟದಾಗ ಏನೂ ಬದಲಾಗಿರಲಿಲ್ಲ, ತಯಾರಿ ಬದಲಾಗಿತ್ತು, ಅಷ್ಟ. 2019ರ ಜೋಶುವಾ–ರೂಯಿಜ್ ಕತಿನೂ ಅದ. ನ್ಯೂಯಾರ್ಕ್‌ದಾಗ ಕಡೀ ಗಳಿಗಿಗೆ ಬದಲಿ ಆಟಗಾರ ಅಂತ ಬಂದ ರೂಯಿಜ್ ನಾಕ ಸಲ ಆಗಿನ ಚಾಂಪಿಯನ್ ಜೋಶುವಾನ್ನ ಬೀಳಿಸಿ ಗೆದ್ದ. ಆರ ತಿಂಗಳಾದಮ್ಯಾಲೆ ಸೌದಿಯೊಳಗ ಜೋಶುವಾ ಹತ್ತ ಪೌಂಡ್ ಇಳಿಸಿಕೊಂಡು ಬಂದ, ರೂಯಿಜ್ ಹದಿನೈದ ಪೌಂಡ್ ಏರಿಸಿಕೊಂಡು ಬಂದ. ಹನ್ನೆರಡೂ ರೌಂಡ್ ಜೋಶುವಾ ದೂರದಿಂದ ಜ್ಯಾಬ್ (ಮುಂದಿನ ಕೈಲೆ ಸೀದಾ ಹೊಡತಾ) ಹೊಡಕೋತ ತಿರುಗಿ ಗೆದ್ದ, ರೂಯಿಜ್‌ಗ ಬೆನ್ನ ಹತ್ತಿ ಹಿಡಿಯಾಕ ಆಗಲಿಲ್ಲ.

ಆಟದಾಗ ಸೋತಂವನ ಹಣೇಬರಾ ಬ್ಯಾರೆ. ಪ್ಯಾಟರ್ಸನ್ 1962ರಾಗ ಸನ್ನಿ ಲಿಸ್ಟನ್ ಕೈಯಾಗ ಮೊದಲನೇ ರೌಂಡಿಗೇ ಸೋತ, 1963ರಾಗ ಮತ್ತ ಕಣಕ್ಕ ಇಳದ, ಮತ್ತ ಮೊದಲನೇ ರೌಂಡಿಗೇ ಸೋತ, ಫರಕ್ ನಾಕೈದ ಸೆಕೆಂಡ್. ಇಲ್ಲಿ ತಯಾರಿ ಮಾತ ಬರಂಗಿಲ್ಲ, ಲಿಸ್ಟನ್ ಅವಗ ದಾಟದ ಗ್ವಾಡಿ.

ಇದರ ನಡಕ ಒಂದ ಅಪರೂಪದ ಜಾತಿ ಅದ, ಆಟದಾಗ ಸೋತು ಅದ ಆಟ ತಿದ್ದಿಕೊಂಡು ಬಂದವ್ರು. ಜೋ ಲೂಯಿಸ್ 1936ರಾಗ ಮ್ಯಾಕ್ಸ್ ಶ್ಮೆಲಿಂಗ್‌ಗೆ ಹನ್ನೆರಡನೇ ರೌಂಡಿಗೆ ಸೋತ. ಯಾಕಂದ್ರ ಲೂಯಿಸ್ ಜ್ಯಾಬ್ ಹೊಡದ ಮ್ಯಾಲೆ ಎಡಗೈ ಕೆಳಗ ಬಿಡ್ತಾನ ಅನ್ನೋದನ್ನ ಶ್ಮೆಲಿಂಗ್ ಫಿಲ್ಮ್ ನೋಡಿ ಹುಡಿಕಿದ್ದ, ಅದರ ಮ್ಯಾಲೆ ಬಲಗೈ ಹಾಕ್ಕೋತ ಹೋದ. ಎರಡ ವರ್ಷ ಆದಮ್ಯಾಲೆ, 1938ರ ಜೂನ್ 22ಕ್ಕ, ಯಾಂಕೀ ಸ್ಟೇಡಿಯಂದಾಗ ಲೂಯಿಸ್ 124 ಸೆಕೆಂಡಿನೊಳಗ ಮುಗಿಸಿದ. ಅದ ಫೈಟಿನ ಮ್ಯಾಲೆ ಹಿಟ್ಲರ್, ರೂಸ್‌ವೆಲ್ಟ್ ಅಂತ ಎಷ್ಟೋ ಭಾರಾ ಇತ್ತು, ಅದನ್ನ ಇಲ್ಲಿ ತಗದ್ರ ಥ್ರೆಡ್ ಎಲ್ಲೆಲ್ಲೋ ಹೋಗ್ತದ, ಬಿಡ್ರಿ.

ಈಗ ಪೈಲ್ವಾನ ಅವರಿಗೆ ಒಂದ ಮಾತು. ನೀವು ಕೊಟ್ಟ ಚಿಸೋರಾ, ವೈಲ್ಡರ್ ಉದಾಹರಣಿ ನೋಡ್ರಿ, ಅದರಾಗ ಯಾವುದರಾಗೂ ಫ್ಯೂರಿ ಮೊದಲನೇ ಫೈಟ್ ಸೋತಿಲ್ಲ! ಸೋತ ಮ್ಯಾಲೆ ರೀಮ್ಯಾಚ್ ಆಡೋದು ಅವಗ ಇದ ಮೊದಲ. ಅವನ ಸೋಲು ಯಾವ ಜಾತಿ ಅಂದ್ರ ನೀವು ಹೇಳೂ ಮಂಗ್ಯಾಟ ಖರೆ, ಮೊದಲಿನ ಎರಡ ಮೂರ ರೌಂಡ್ ಮೈಮರತ ಕಳದ. ಆದ್ರ ಎಂಟರಿಂದ ಹತ್ತನೇ ರೌಂಡ್ ತನಕ ಅಂವ ಮಂಗ್ಯಾಟ ಆಡಲಿಲ್ಲ, ಆವಾಗ ಪೂರಾ ಮನಸಿಟ್ಟು ಆಡಿನೂ ಹೊಡತಾ ತಿಂದ. ಅದು ಆಟದ ಸೋಲು. ತಿದ್ದಿಕೋಬೇಕಂದ್ರ ಅವಗ 36 ವಯಸ್ಸಿಗೆ ಹೊಸಾ ಕಾಲು ಬೇಕು.

ಇನ್ನ ಉಸಿಕ್ ಕಡಿ ನೋಡ್ರಿ. ಜೋಶುವಾನ್ನ 2021ರಾಗ ಲಂಡನ್‌ದಾಗ ಸೋಲಿಸಿದ, 2022ರಾಗ ಜೆಡ್ಡಾದಾಗ ರೀಮ್ಯಾಚ್. ಜೋಶುವಾ ಈ ಸಲ ಹೊಟ್ಟಿಗೆ ಹೊಡಿಯೂ ಪ್ಲಾನ್ ಮಾಡಿಕೊಂಡು ಬಂದ, ಖರೇನೂ ಸುಧಾರಿಸಿದ್ದ, ಒಂಬತ್ತನೇ ರೌಂಡಿಗೆ ಉಸಿಕ್ ಹೋದ ಅಂತ ನಾ ಕುರ್ಚಿ ಬಿಟ್ಟ ಎದ್ದಿದ್ದೆ. ಹತ್ತನೇ ರೌಂಡಿಗೆ ಬಂದು ಉಸಿಕ್ ಲೆಕ್ಕಾ ಚುಕ್ತಾ ಮಾಡಿದ ನೋಡ್ರಿ, ಆ ರೌಂಡ್ ಯೂಟ್ಯೂಬ್‌ದಾಗ ಸಿಕ್ರ ನೋಡ್ರಿ. ಎದುರಿನಂವ ಏನ ಬದಲ ಮಾಡ್ಯಾನ ಅಂತ ಫೈಟ್ ನಡದಾಗಲೇ ಓದಿ ಅದಕ್ಕ ಉತ್ತರ ಕೊಡೂ ಮನಶ್ಯಾ ಇಂವ. ರೀಮ್ಯಾಚ್ ಅಂದ್ರ ಇಬ್ಬರೂ ಬದಲಾಗೂ ಆಟ ಅದ, ಮಂದಿ ಸೋತಂವ ಏನ ಬದಲ ಮಾಡ್ತಾನ ಅಂತ ಅಷ್ಟ ಕೇಳ್ತಾರ, ಗೆದ್ದಂವ ಸುಮ್ನ ಕುಂತಿರ್ತಾನ ಅನ್ಕೊಂಡ.

ಉಸಿಕ್. ಹನ್ನೊಂದನೇ ರೌಂಡಿಗೆ ರೆಫ್ರಿ ನಿಲ್ಲಿಸಿದ್ರೂ ಆಶ್ಚರ್ಯ ಇಲ್ಲ.

ಇಳಕಲ್_ಕಾಕಾ · 19 ಡಿಸೆಂಬರ್, ಸಂಜಿಕ

ಇಷ್ಟ ದೊಡ್ಡ ದೊಡ್ಡದ ಯಾರ ಓದ್ತಾರೋ. ಇಬ್ಬರಿಗೂ ರೊಕ್ಕ ಸಿಗತೈತಿ, ಗೆದ್ದಂವ ಸೌದಿಯಂವ.

ಪೈಲ್ವಾನ_ಮುಧೋಳ · 19 ಡಿಸೆಂಬರ್, ರಾತ್ರಿ

ಕಾಕಾ 😂

ಗುಮ್ಮಟದವ್ರ, ನೀವ ಛಲೋ ಬರದೀರಿ, ಆದ್ರ ಒಂದ ಬಿಟ್ಟೀರಿ. ಮೇ ಫೈಟಿಗೆ ಮುಂಚೆ ಫ್ಯೂರಿ 2023ರ ಅಕ್ಟೋಬರ್‌ದಾಗ ಎನ್‌ಗಾನು ಜೋಡಿ ಆಡಿದ್ದ, ಅಂವ ಎಂಎಂಎ (ಕುಸ್ತಿ, ಬಾಕ್ಸಿಂಗ್ ಎಲ್ಲಾ ಕೂಡಿದ ಆಟ) ಆಟಗಾರ, ಬಾಕ್ಸಿಂಗ್‌ನ್ಯಾಗ ಅದ ಮೊದಲನೇ ಫೈಟ್, ಅವನ ಕೈಯಾಗ ಮೂರನೇ ರೌಂಡಿಗೆ ಕೆಳಗ ಬಿದ್ದು ಹೆಂಗೋ ಸ್ಪ್ಲಿಟ್ ಮ್ಯಾಲೆ, ಅಂದ್ರ ಇಬ್ಬರು ಜಡ್ಜ್ ಇವಗ ಒಬ್ಬ ಅವಗ ಕೊಟ್ಟು, ಗೆದ್ದ. ಆಮ್ಯಾಲೆ ಫೆಬ್ರುವರಿಗೆ ಇದ್ದ ಉಸಿಕ್ ಫೈಟ್ ಪ್ರಾಕ್ಟೀಸಿನ್ಯಾಗ ಕಣ್ಣಿನ ಮ್ಯಾಲೆ ಕಟ್ ಆಗಿ ಮೇಗೆ ಹೋತು. ಅಂದ್ರ ಮೇದಾಗ ನೀವ ನೋಡಿದ ಫ್ಯೂರಿ ಅರ್ಧಾ ಫ್ಯೂರಿ. ಈ ಸಲ ತಯಾರಿ ಪೂರಾ ಐತಿ ಅಂತ ಕಾಣತೈತಿ. ಇವತ್ತ ಪ್ರೆಸ್‌ಮೀಟಿನ್ಯಾಗ ಇಬ್ಬರೂ ಎದುರಬದುರ ನಿಂತ್ರಲ್ಲ, ಹತ್ತ ಮಿನಿಟಕ್ಕೂ ಮ್ಯಾಲೆ ಕಣ್ಣಾಗ ಕಣ್ಣ ಇಟ್ಟ ನಿಂತಾರ, ಯಾರೂ ಕದಲವಲ್ರು. ಯಾವಾಗ್ಲೂ ಹಾಡ ಹಾಡಿ, ಡ್ಯಾನ್ಸ್ ಮಾಡಿ, ಬೈದು, ಅಂಗಿ ಹರಕೊಂಡು ಬರೂ ಫ್ಯೂರಿ ಸುಮ್ಮನ ನಿಂತದ್ದ ನೋಡ್ರಿ. ಅದ ನಂಗ ಸಾಕು.

ಕ್ಯಾಂಪ್_ಹವಾಲ್ದಾರ · 19 ಡಿಸೆಂಬರ್, ರಾತ್ರಿ

ದಿಟ್ಟಿಸಿ ನೋಡೋದಕ್ಕ ಪಾಯಿಂಟ್ ಇಲ್ಲೋ ಪೈಲ್ವಾನ. ಇದ್ದಿದ್ರ ನಮ್ಮ ಟ್ರೇನಿಂಗ್ ಸೆಂಟರಿನ ಸುಬೇದಾರ್ ಮೇಜರ್ ವರ್ಲ್ಡ್ ಚಾಂಪಿಯನ್ ಆಗಿರ್ತಿದ್ರು.

ಆದ್ರ ಒಂದ ಮಾತಿಗೆ ನಿಂಗ ಒಪ್ತೇನಿ. ಮೇ ಫೈಟಿನ್ಯಾಗ ಫ್ಯೂರಿ ಮೂಲ್ಯಾಗ ಎಷ್ಟ ಮಂದಿ ಒದರ್ತಿದ್ರು ಕೇಳೀಯಿಲ್ಲ? ಕೋಚ್ ಶುಗರ್‌ಹಿಲ್ ಒಂದ ಹೇಳ್ತಾನ, ಅವರಪ್ಪ ಜಾನ್ ಒಂದ ಒದರ್ತಾನ, ಇನ್ನೊಬ್ಬಂವ ಇನ್ನೊಂದ. ಎರಡ ರೌಂಡ್ ನಡಕ ಇರೋದ ಒಂದ ಮಿನಿಟ, ಅದರಾಗ ಬಾಯಿ ತೊಳದು ನೀರ ಹಾಕಿ ರಕ್ತ ಒರಸೋದು ತಗದ್ರ ಮಾತಿಗೆ ಇಪ್ಪತ್ತ ಸೆಕೆಂಡ್ ಉಳಿತಾವ. ಅದರಾಗ ಒಬ್ಬನ ಮಾತ ತಲಿಗೆ ಹೋಗೋದ ಕಷ್ಟ. ಈ ಸಲ ಮೂಲ್ಯಾಗ ಒಂದ ದನಿ ಇದ್ರ ಫ್ಯೂರಿಗೆ ಅದ ಎರಡ ರೌಂಡಿನ ಲಾಭ. ವಯಸ್ಸೂ ಮರಿಬ್ಯಾಡ್ರಿ, ಉಸಿಕ್‌ಗ ಬರೋ ಜನವರಿಗೆ 38 ತುಂಬತೈತಿ. ಬಾಕ್ಸರ್‌ನ ಕಾಲು ಒಂದ ದಿವಸ ಹೇಳದ ಕೇಳದ ಹೋಗ್ತಾವ, ಮೊದಲ ರೌಂಡಿಗೆ ಅವನ ಕಾಲು ನೋಡ್ರಿ, ಬಲಕ್ಕ ಸರಿಯಾಕ ತಡಾ ಮಾಡಿದ್ರ ನನ್ನ ಲೆಕ್ಕ ಉಲ್ಟಾ.

ಶಾಪೂರ_ಸಂಜು · 20 ಡಿಸೆಂಬರ್, ರಾತ್ರಿ

ತೂಕದ ಸುದ್ದಿ ಬಂತ್ರೀ! ಫ್ಯೂರಿ 281 ಪೌಂಡ್, ಉಸಿಕ್ 226. ಬಟ್ಟಿ ಹಾಕ್ಕೊಂಡ ನಿಂತಿದ್ರು, ಅದನ್ನ ಸ್ವಲ್ಪ ಕಳೀಬೇಕು, ಆದ್ರೂ ಮೇ ತಿಂಗಳದಾಗ ಫ್ಯೂರಿ 262 ಇದ್ದ, ಅಂದ್ರ ಎಂಟೂವರಿ ಕಿಲೋ ಜಾಸ್ತಿ ಆತು. ಈಗ ನೀವ ಹೇಳ್ರಿ, ಇದ ವೈಲ್ಡರ್ ಎರಡನೇ ಫೈಟಿನ ತೂಕಾನೋ, ರೂಯಿಜ್ ಎರಡನೇ ಫೈಟಿನ ತೂಕಾನೋ? ನಮ್ಮ ಗ್ರೂಪ್‌ನ್ಯಾಗ ಇದರ ಮ್ಯಾಲೆ ಜಗಳಾ ಹತ್ತೈತಿ. ಹೊರಗ ನೋಡಿದ್ರ ಗಾಂಧಿ ಅಧಿವೇಶನದ ನೂರು ವರ್ಷದ್ದು ಅಂತ ಊರ ತುಂಬ ಲೈಟಿಂಗ್, ಒಳಗ ನೋಡಿದ್ರ ಫ್ಯೂರಿ ಹೊಟ್ಟಿ ಫೋಟೋ ಝೂಮ್ ಮಾಡಿ ನೋಡಾಕತ್ತಾರ.

ಗುಮ್ಮಟದಂವ · 20 ಡಿಸೆಂಬರ್, ರಾತ್ರಿ

ತೂಕ ಒಂದ ನೋಡಿದ್ರ ಏನೂ ತಿಳಿಯಂಗಿಲ್ಲ, ಎದುರಿಗೆ ಯಾರ ಅದಾರ ಅನ್ನೋದ ನೋಡಬೇಕು. ವೈಲ್ಡರ್ ಹಿಂದ ಹೆಜ್ಜಿ ಇಟ್ರ ಅವಗ ಹೊಡಿಯಾಕ ಬರಂಗಿಲ್ಲ, ಅವನ ಬಲಗೈಗೆ ಜಾಗಾ ಬೇಕು, ಹಿಂಗಾಗಿ ಮೈ ಮ್ಯಾಲೆ ಹೋಗಿ ಒರಗೋ 273 ಪೌಂಡ್ ಅಲ್ಲಿ ಔಷಧ ಆತು. ಉಸಿಕ್ ಹಂಗಲ್ಲ, ಅಂವ ಒರಗೋದಕ್ಕ ಸಿಗೋದ ಇಲ್ಲ, ನೀವು ಒರಗಬೇಕು ಅನ್ನೋದರಾಗ ಆ ಕಡಿ ಹೋಗಿ ನಿಂತಿರ್ತಾನ. ಜೋಶುವಾ ಸೌದಿದಾಗ ರೂಯಿಜ್‌ಗ ಮಾಡಿದ್ದು ಅದ. 281 ಪೌಂಡ್ ಹೊತ್ತುಕೊಂಡು ಹನ್ನೆರಡ ರೌಂಡ್ ಬೆನ್ನ ಹತ್ತೋದಂದ್ರ ತಮಾಷಿ ಅಲ್ಲ.

ಆದ್ರ ಇದಕ್ಕ ಇನ್ನೊಂದ ಬಾಜೂ ಅದ. ಫ್ಯೂರಿ ಇಷ್ಟ ತೂಕ ತಂದಾನ ಅಂದ್ರ ಅಂವ ಏನ ಮಾಡಾಕ ಬಂದಾನ ಅನ್ನೋದು ಇವತ್ತ ರಾತ್ರಿನ ಉಸಿಕ್‌ಗ ತಿಳದ ಹೋಗೇದ. ಮುಚ್ಚಿಡಾಕ ಏನೂ ಉಳದಿಲ್ಲ.

ಪೈಲ್ವಾನ_ಮುಧೋಳ · 20 ಡಿಸೆಂಬರ್, ರಾತ್ರಿ

ಮೇದಾಗ ಉಸಿಕ್ ತೂಕ ಮೊದಲ 233 ಅಂತ ಹೇಳಿ ಆಮ್ಯಾಲೆ ತಪ್ಪಾತು 223 ಅಂತ ತಿದ್ದಿದ್ರು, ನೆನಪೈತಿಲ್ಲೋ? ಇವರ ತಕ್ಕಡಿ ಮ್ಯಾಲೆ ಏನ ಭರೋಸಾ. ಅದಿರಲಿ, ಉಸಿಕ್ ಕಡಿಯವ್ರು ಈಗ ಫ್ಯೂರಿ ಗಡ್ಡದ ಮ್ಯಾಲೆ ತಕರಾರ ತಗದಾರಂತ, ಗಡ್ಡ ಭಾಳ ದಟ್ಟ ಐತಿ, ಹೊಡತಾ ಮೆತ್ತಗ ಆಗತೈತಿ ಅಂತ. ಅಂಜಿಕಿ ಇಲ್ಲದವ್ರು ಗಡ್ಡ ಎಣಿಸ್ತಾರೇನ್ರಿ? ಮತ್ತ ಈ ಸಲ ನಾಕನೇ ಜಡ್ಜ್ ಅಂತ ಎಐ ಕುಂದ್ರಸ್ತಾರಂತ, ಅದರ ಸ್ಕೋರ್ ಲೆಕ್ಕಕ್ಕ ಬರಂಗಿಲ್ಲಂತ. ಲೆಕ್ಕಕ್ಕ ಬರದ ಜಡ್ಜ್ ಯಾಕ ಬೇಕು?

ಹತ್ತನೇ ರೌಂಡಿನೊಳಗ ಫ್ಯೂರಿ. ಬದಲ ಇಲ್ಲ.

ಶಾಪೂರ_ಸಂಜು · 22 ಡಿಸೆಂಬರ್, ಮುಂಜಾನೆ

ಮುಗೀತ್ರೀ. ಉಸಿಕ್! ಮೂರೂ ಜಡ್ಜ್ 116-112, ಒಬ್ಬರಿಗೂ ಒಂದ ಪಾಯಿಂಟ್ ಹೆಚ್ಚುಕಮ್ಮಿ ಇಲ್ಲ. ಯಾರೂ ಕೆಳಗ ಬೀಳಲಿಲ್ಲ. ಹವಾಲ್ದಾರ ಸಾಹೇಬ್ರು ಹೇಳಿದಂಗ ಈ ಸಲ ಕಾಲ ನೋಡಿದೆ, ಮಜಾ ಬಂತು ಖರೆ, ಆದ್ರ ಕಾಲ ನೋಡಕೋತ ಕುಂತು ನಾಕೈದ ಛಲೋ ಹೊಡತಾ ಮಿಸ್ ಆದವು, ಹಂಗಂದ್ರೂ ನಡೀತೈತಿ. ಕುಂದಾ ಬರೋದೈತಿ, ಎಲ್ಲಾರೂ ಫೋನ್ ಸ್ವಿಚ್ ಆಫ್ ಮಾಡಿ ಮಲಗ್ಯಾರ.

ಒಂದ ಕೇಳೋದೈತಿ. ನೋಡೂ ಮುಂದ ನಂಗ ಭಾಳ ಟೈಟ್ ಅನಿಸ್ತು, ಫ್ಯೂರಿ ಮೊದಲಿಗೆ ಛಲೋ ಆಡಾಕತ್ತಿದ್ದ. ಎಂಟ ರೌಂಡ್ ಉಸಿಕ್‌ಗ, ನಾಕ ಅಷ್ಟ ಫ್ಯೂರಿಗೆ ಅನ್ನೋದು ಜಾಸ್ತಿ ಆಗಲಿಲ್ಲೇನು?

ಪೈಲ್ವಾನ_ಮುಧೋಳ · 22 ಡಿಸೆಂಬರ್, ಮುಂಜಾನೆ

ಜಾಸ್ತಿ ಆಗಲಿಲ್ಲೇನು ಅಂತ ಕೇಳ್ತೀಯಲ್ಲ ತಮ್ಮಾ, ಲೂಟಿ ಅದು! ಮೂರ ಮಂದಿ ಮೂರ ಕಡಿ ಕುಂತವ್ರು ಮೂವರಿಗೂ ಅದ ನಂಬರ್ ಹೆಂಗ ಬರತೈತಿ? ಫ್ಯೂರಿ ಇಂಟರ್‌ವ್ಯೂ ಸೈತ ಕೊಡದ ರಿಂಗಿನಿಂದ ಹೋದ, ಅವನ ಪ್ರಮೋಟರ್ ಫ್ರಾಂಕ್ ವಾರೆನ್ ಸೈತ ಬರೀ ನಾಕ ರೌಂಡ್ ಕೊಟ್ಟಾರ ಅಂತ ತಲಿ ಹಿಡಕೊಂಡಾನ. ನಿಕಾಲಿ ಇದ್ದಿದ್ರ ಈ ಜಡ್ಜ್ ಕಾಟಾನ ಇರ್ತಿರಲಿಲ್ಲ. ಇನ್ನೂ ಹೇಳ್ತೇನಿ, ಮೊದಲಿನ ಐದ ರೌಂಡಿನ್ಯಾಗ ಮೂರ ಫ್ಯೂರಿದ.

ಕ್ಯಾಂಪ್_ಹವಾಲ್ದಾರ · 22 ಡಿಸೆಂಬರ್, ಮಧ್ಯಾಹ್ನ

ಮೊದಲಿನ ಐದರಾಗ ಮೂರ ಫ್ಯೂರಿದು, ಒಪ್ಪಿದೆ. ಉಳದ ಏಳರಾಗ ಎಷ್ಟ ಕೊಡ್ತೀ? ನಾ ಒಂದ ಕೊಟ್ಟೇನಿ. ಕೂಡಸು, ನಾಕ. ಜಡ್ಜ್ ಲೆಕ್ಕಕ್ಕ ಬಂದ ನಿಂತಿಲ್ಲೋ? ಪಂಚ್ ಎಣಿಸೋ ಕಂಪ್ಯೂಬಾಕ್ಸ್‌ನವ್ರ ಲೆಕ್ಕಾನೂ ನೋಡು, ಉಸಿಕ್ 423 ಹೊಡದು 179 ತಾಕಿಸ್ಯಾನ, ಫ್ಯೂರಿ 509 ಹೊಡದು 144. ಮೇ ತಿಂಗಳದಾಗ 170 ಮತ್ತ 157 ಇತ್ತು. ಉಸಿಕ್ ಏರ್ಯಾನ, ಫ್ಯೂರಿ ಇಳದಾನ. ಎಂಬತ್ತಕ್ಕೂ ಮ್ಯಾಲೆ ಹೊಡತಾ ಹೆಚ್ಚಿಗಿ ಎಸದು ಕಡಿಮಿ ತಾಕಿಸಿದಂವ ಅಂದ್ರ ಎದುರಿನಂವ ಜಾಗಾದಾಗ ಇರಲಿಲ್ಲ ಅಂತ ಅರ್ಥ. ಸಂಜು, ನಿಂಗ ಟೈಟ್ ಅನಿಸಿದ್ದು ಖರೆನ, ಒಂದೊಂದ ರೌಂಡ್ ಟೈಟ್ ಇತ್ತು. ಹನ್ನೆರಡ ಟೈಟ್ ರೌಂಡಿನ್ಯಾಗ ಎಂಟ ಒಬ್ಬನ ಗೆದ್ರ ಫೈಟ್ ಟೈಟ್ ಅಲ್ಲ.

ಗುಮ್ಮಟದಂವ · 22 ಡಿಸೆಂಬರ್, ಸಂಜಿಕ

ಫೈಟ್ ಮುಗದ ಕೂಡ್ಲೆ ಡೇನಿಯಲ್ ಡುಬಾಯ್ ರಿಂಗಿಗೆ ಏರಿ ಉಸಿಕ್ ಮುಂದ ನಿಂತದ್ದ ನೋಡಿದ್ರಿಲ್ಲೋ, ನಂಗ ರೀಮ್ಯಾಚ್ ಬೇಕು ಅಂತ. ಮುಂದಿಂದು ಅದ ಆಗೂ ಹಂಗ ಕಾಣ್ತದ. ಉಸಿಕ್ ಬಿಟ್ಟ ಕೊಟ್ಟ ಐಬಿಎಫ್ (ಒಂದ ಬಾಕ್ಸಿಂಗ್ ಸಂಸ್ಥಾ) ಬೆಲ್ಟ್ ಈಗ ಡುಬಾಯ್ ಹತ್ರ ಅದ, ಸೆಪ್ಟೆಂಬರ್‌ದಾಗ ವೆಂಬ್ಲೆದಾಗ ಜೋಶುವಾನ್ನ ಐದನೇ ರೌಂಡಿಗೆ ಮಲಗಿಸ್ಯಾನ.

ಪೈಲ್ವಾನ_ಮುಧೋಳ · 22 ಡಿಸೆಂಬರ್, ರಾತ್ರಿ

ಡುಬಾಯ್ ಗೆಲ್ತಾನ. 2023ರಾಗ ಪೋಲಂಡ್‌ನ್ಯಾಗ ಐದನೇ ರೌಂಡಿಗೆ ಹೊಟ್ಟಿಗೆ ಹೊಡದ ಉಸಿಕ್‌ನ ಕೆಡವಿದ್ದ, ರೆಫ್ರಿ ಬೆಲ್ಟಿನ ಕೆಳಗ ಅಂತ ಹೇಳಿ ಬಚಾವ್ ಮಾಡಿದ, ಮೂರ್ನಾಲ್ಕ ಮಿನಿಟ ಆರಾಮ ಮಾಡಾಕ ಬಿಟ್ರು. ಆ ಹೊಡತಾ ಬೆಲ್ಟಿನ ಮ್ಯಾಲ ಇತ್ತು, ನಾ ಹತ್ತ ಸಲ ನೋಡೇನಿ.

ಕ್ಯಾಂಪ್_ಹವಾಲ್ದಾರ · 22 ಡಿಸೆಂಬರ್, ರಾತ್ರಿ

ಬೆಲ್ಟ್ ಎಲ್ಲಿ ಕಟ್ಟಿದ್ದ ಅನ್ನೋದ ಮುಖ್ಯ ಅಲ್ಲೋ, ಹೊಕ್ಕಳ ಎಲ್ಲೈತಿ ಅನ್ನೋದ ಮುಖ್ಯ. ಮತ್ತ ಡುಬಾಯ್ ಸೋತದ್ದು ಆ ಐದನೇ ರೌಂಡಿಗಲ್ಲ, ಎಂಟನೇದಕ್ಕ ಒಮ್ಮೆ ಬಿದ್ದು, ಒಂಬತ್ತನೇದಕ್ಕ ಜ್ಯಾಬ್ ತಿಂದು ಕುಂತ. ಇದು ಗುಮ್ಮಟದವ್ರ ಎರಡನೇ ಜಾತಿ ಸೋಲು. ಬ್ಯಾರೆ ಥ್ರೆಡ್ ತಗಿ, ಅಲ್ಲಿ ಆಡೋಣು, ಇಲ್ಲಿ ಸಂಜು ಹುಡುಗಗ ನಿದ್ದಿ ಇಲ್ಲ.